ಬೊಜ್ಜಿನ ಒಳಗಿನ ಉರಿ

ಹದಿನೈದು ಮಂದಿ ಸ್ಥೂಲಕಾಯದ ಮಹಿಳೆಯರು. ಅವರಲ್ಲಿ ಏಳು ಮಂದಿಗೆ ಆಗಲೇ ಮಧುಮೇಹವಿತ್ತು. ಉಳಿದವರ ಸಕ್ಕರೆ ಇನ್ನೂ ಹದ್ದುಬಸ್ತಿನಲ್ಲಿತ್ತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯ ಸ್ಯಾಮ್ಯುಯೆಲ್ ಕ್ಲೈನ್ ಮತ್ತು ಸಂಗಡಿಗರು ಇವರ ಹೊಟ್ಟೆಯ ಚರ್ಮದಡಿಯ ಕೊಬ್ಬನ್ನು ಲೈಪೊಸಕ್ಷನ್ ಮಾಡಿಸಿ ತೆಗೆಸಿದರು. ಒಬ್ಬೊಬ್ಬರ ಮೈಯಿಂದ ಹೋದದ್ದು ಸರಾಸರಿ ಒಂಬತ್ತರಿಂದ ಹತ್ತೂವರೆ ಕಿಲೊ ಕೊಬ್ಬು. ಹತ್ತು–ಹನ್ನೆರಡು ವಾರ ಬಿಟ್ಟು ಎಲ್ಲರನ್ನೂ ಕರೆಸಿ ಮತ್ತೆ ಪರೀಕ್ಷೆ ಮಾಡಿದರು. ಇನ್ಸುಲಿನ್‌ಗೆ ದೇಹ ಓಗೊಡುವ ರೀತಿ ಸುಧಾರಿಸಿರಲಿಲ್ಲ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಎಲ್ಲವೂ ಇದ್ದಲ್ಲೇ ಇದ್ದವು. ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಅಂಶಗಳೂ ಕದಲಿರಲಿಲ್ಲ. ಈ ಫಲಿತಾಂಶ 2004ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದೇ ಊಟ ತಗ್ಗಿಸಿ, ದಿನವೂ ನಡೆದು, ಇದರ ಅರ್ಧದಷ್ಟು ಕೊಬ್ಬು ಕರಗಿಸಿಕೊಂಡವರಲ್ಲೂ ಸಕ್ಕರೆ ಇಳಿಯುವುದನ್ನು ವೈದ್ಯರು ನಿತ್ಯ ನೋಡುತ್ತಾರೆ. ಹಾಗಾದರೆ ಹತ್ತು ಕಿಲೊ ಹೊರಗೆ ತೆಗೆದರೂ ಏನೂ ಆಗಲಿಲ್ಲವೆಂದರೆ ಏನರ್ಥ? ಕೆಡುಕು ಕೊಬ್ಬಿನ ತೂಕದಲ್ಲಿಲ್ಲ, ಉಳಿದ ಕೊಬ್ಬು ಯಾವ ಸ್ಥಿತಿಯಲ್ಲಿದೆ ಎಂಬುದರಲ್ಲಿದೆ. ಈ ಒಂದು ಮಾತು ಸರಿಯಾಗಿ ಮನಸ್ಸಿಗೆ ಬಂದರೆ ಬೊಜ್ಜು, ಶುಗರ್, ಡಯಟ್ ಎಂದು ನಮ್ಮ ಮನೆಗಳಲ್ಲಿ ದಿನಬೆಳಗಾದರೆ ನಡೆಯುವ ಚರ್ಚೆಯ ದಿಕ್ಕೇ ಬದಲಾದೀತು.

ಎಣ್ಣೆ ತುಂಬಿದ ಕೋಶ

ಕೊಬ್ಬಿನ ಒಂದು ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುವುದು ಒತ್ತೊತ್ತಾಗಿ ಕೂತ ದುಂಡನೆಯ ಕೋಶಗಳು. ಒಂದೊಂದರ ಅಡ್ಡಳತೆ ಮಿಲಿಮೀಟರ್‌ನ ಹತ್ತನೇ ಒಂದು ಭಾಗದ ಆಸುಪಾಸು. ಕೋಶದ ಒಳಗೆ ಬಹುಪಾಲು ಒಂದೇ ಒಂದು ಎಣ್ಣೆಯ ಹನಿ. ಅದು ಎಷ್ಟು ಜಾಗ ಹಿಡಿದಿರುತ್ತದೆಂದರೆ ಕೋಶಕೇಂದ್ರ (ನ್ಯೂಕ್ಲಿಯಸ್) ಅಂಚಿಗೆ ಒತ್ತಿಹೋಗಿ ತೆಳ್ಳನೆಯ ಗೆರೆಯಂತೆ ಕಾಣುತ್ತದೆ. ಕೋಶಗಳ ನಡುವಿನ ಸಂದಿಯಲ್ಲಿ ಕೂದಲೆಳೆಗಿಂತ ಸಣ್ಣ ರಕ್ತನಾಳಗಳು, ನರಗಳು, ಅಲ್ಲಲ್ಲಿ ಬಿಳಿ ರಕ್ತಕಣಗಳು ಇರುತ್ತವೆ.

ಬಹುಕಾಲ ಇದನ್ನು ಸುಮ್ಮನೆ ಬಿದ್ದಿರುವ ದಾಸ್ತಾನು ಎಂದೇ ವೈದ್ಯಕೀಯ ಕಾಲೇಜುಗಳಲ್ಲಿ ಕಲಿಸುತ್ತಿದ್ದರು. ಆ ನಂಬಿಕೆಯನ್ನು ಮುರಿದದ್ದು 1994. ನ್ಯೂಯಾರ್ಕ್‌ನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಎಂಬ ಹಾರ್ಮೋನಿನ ವಂಶವಾಹಿಯನ್ನು ಪತ್ತೆಹಚ್ಚಿತು. ಅದನ್ನು ತಯಾರಿಸುವುದು ಕೊಬ್ಬಿನ ಕೋಶ, ಓದಿಕೊಳ್ಳುವುದು ಮಿದುಳು. ದಾಸ್ತಾನು ಎಷ್ಟಿದೆ, ಹಸಿವು ಎಷ್ಟಿರಬೇಕು ಎಂಬುದನ್ನು ಕೊಬ್ಬು ತಾನೇ ಮಿದುಳಿಗೆ ತಿಳಿಸುತ್ತದೆ. ಅಲ್ಲಿಂದ ಮುಂದೆ ಕೊಬ್ಬು ಥೈರಾಯ್ಡ್‌ನಂತೆ, ಮೇದೋಜೀರಕದಂತೆ ಒಂದು ಗ್ರಂಥಿ ಎಂದು ಒಪ್ಪದೆ ವಿಧಿಯಿರಲಿಲ್ಲ.

ಈ ಕೋಶಗಳ ಲೆಕ್ಕವನ್ನು ಸ್ವೀಡನ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಹೋದ್ಯೋಗಿಗಳು ತೆಗೆದ ಬಗೆ ಬೆರಗು ಹುಟ್ಟಿಸುವಂಥದ್ದು. ಶೀತಲ ಸಮರದ ಕಾಲದಲ್ಲಿ ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಿತು. ಅದು ಗಿಡಮರ, ಅನ್ನ ನೀರಿನ ಮೂಲಕ ಮನುಷ್ಯರ ಡಿಎನ್‌ಎ ಸೇರಿತು. 1963ರಲ್ಲಿ ಬಯಲು ಪರೀಕ್ಷೆಗಳಿಗೆ ತಡೆ ಬಿದ್ದ ಮೇಲೆ ಇಳಿಯುತ್ತ ಬಂತು. ಕೋಶವೊಂದರ ಡಿಎನ್‌ಎಯಲ್ಲಿ ಅದೆಷ್ಟಿದೆ ಎಂದು ಅಳೆದರೆ ಆ ಕೋಶ ಹುಟ್ಟಿದ ವರ್ಷ ತಿಳಿಯುತ್ತದೆ. 2008ರಲ್ಲಿ ಅವರು ಹೇಳಿದ್ದು ಇಷ್ಟು: ನಮ್ಮ ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹರೆಯದಲ್ಲೇ ನಿಗದಿಯಾಗುತ್ತದೆ. ಆಮೇಲೆ ವರ್ಷಕ್ಕೆ ಹತ್ತರಲ್ಲೊಂದು ಪಾಲು ಸಾಯುತ್ತದೆ, ಅಷ್ಟೇ ಹೊಸದು ಹುಟ್ಟುತ್ತದೆ. ದೊಡ್ಡವರಾದ ಮೇಲೆ ತೂಕ ಇಳಿಸಿದರೂ ಸಂಖ್ಯೆ ಇಳಿಯುವುದಿಲ್ಲ, ಕೋಶಗಳ ಗಾತ್ರ ಮಾತ್ರ ಕುಗ್ಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯ ಚೀಲ ಕಿರಿದು ಮಾಡಿಸಿಕೊಂಡು ತೂಕ ಇಳಿಸಿದವರಲ್ಲೂ ಹೀಗೆಯೇ.

ಲೈಪೊಸಕ್ಷನ್‌ನ ಒಗಟು ಬಿಡುವುದು ಇಲ್ಲೇ. ಯಂತ್ರ ಹೀರಿದ್ದು ಚರ್ಮದಡಿಯ ಒಂದಷ್ಟು ಕೋಶಗಳನ್ನು ಮಾತ್ರ. ಮಿಕ್ಕ ಕೋಶಗಳು ಉಬ್ಬಿದ ಹಾಗೆಯೇ ಇದ್ದವು. ಕರುಳಿನ ಸುತ್ತಣ ಕೊಬ್ಬು, ಯಕೃತ್ತಿನ ಒಳಗಣ ಕೊಬ್ಬು ಅಲ್ಲೇ ಇತ್ತು. ಊಟ ತಗ್ಗಿಸಿದಾಗ ಆಗುವುದೇ ಬೇರೆ. ಮೈಯಲ್ಲಿರುವ ಕೊಬ್ಬಿನ ಕೋಶಗಳೆಲ್ಲ ಒಟ್ಟಿಗೆ ಕುಗ್ಗುತ್ತವೆ, ಯಕೃತ್ತಿನ ಹೊರೆಯೂ ಇಳಿಯುತ್ತದೆ.

ಬಾಸ್ಟನ್‌ನ ಇಲಿಗಳು

ಉರಿಯೂತದ ಕತೆ ಶುರುವಾದದ್ದು ಲೆಪ್ಟಿನ್‌ಗಿಂತ ಒಂದು ವರ್ಷ ಮುಂಚೆ, ಬಾಸ್ಟನ್‌ನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯಲ್ಲಿ. ಟರ್ಕಿ ಮೂಲದ ವೈದ್ಯ ಗೋಕಾನ್ ಹೋತಾಮಿಸ್ಲಿಗಿಲ್ ಅಲ್ಲಿ ಬ್ರೂಸ್ ಸ್ಪೀಗಲ್‌ಮನ್ ಅವರ ಪ್ರಯೋಗಾಲಯದಲ್ಲಿ ಕೊಬ್ಬಿನ ಕೋಶಗಳ ಮೇಲೆ ಕೆಲಸ ಮಾಡುತ್ತಿದ್ದರು. ಅವರಿಗೆ ಸಿಕ್ಕಿದ್ದು ಯಾರೂ ನಿರೀಕ್ಷಿಸದ ವಸ್ತು: ಟಿಎನ್‌ಎಫ್-ಆಲ್ಫಾ.

ಈ ಪ್ರೋಟೀನನ್ನು ಆವರೆಗೆ ಬಲ್ಲವರು ಸೋಂಕು ಮತ್ತು ಕ್ಯಾನ್ಸರ್ ಅಧ್ಯಯನ ಮಾಡುವವರು. 1975ರಲ್ಲಿ ಲಾಯ್ಡ್ ಓಲ್ಡ್ ತಂಡ ಗಡ್ಡೆಗಳನ್ನು ಕೊಲ್ಲುವ ವಸ್ತುವೆಂದು ಇದನ್ನು ಗುರುತಿಸಿತ್ತು. 1985ರಲ್ಲಿ ಬ್ರೂಸ್ ಬ್ಯೂಟ್ಲರ್ ಮತ್ತು ಆಂಟನಿ ಸೆರಾಮಿ, ದೀರ್ಘ ಸೋಂಕಿನಲ್ಲಿ ಮೈ ಸೊರಗಿ ಕರಗುವುದಕ್ಕೆ ಕಾರಣವೆಂದು ತಾವು ಹುಡುಕುತ್ತಿದ್ದ ವಸ್ತುವೂ ಇದೇ ಎಂದು ತೋರಿಸಿದರು. ಒಣಗಿ ಕಡ್ಡಿಯಾಗುವ ರೋಗಿಗಳಲ್ಲಿ ಇರಬೇಕಾದದ್ದು ಬೊಜ್ಜು ಬಂದ ಇಲಿಗಳ ಕೊಬ್ಬಿನಲ್ಲಿ ಯಥೇಚ್ಛವಾಗಿತ್ತು! ತೆಳ್ಳಗಿನ ಇಲಿಗಳಲ್ಲಿ ಅದು ಅಷ್ಟಾಗಿ ಇರಲಿಲ್ಲ. ಆ ಪ್ರೋಟೀನಿಗೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುವ ಔಷಧ ಕೊಟ್ಟಾಗ ಬೊಜ್ಜಿನ ಇಲಿಗಳ ತೂಕ ಹಾಗೇ ಇದ್ದರೂ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡತೊಡಗಿತು. 1993ರ ‘ಸೈನ್ಸ್’ ಪತ್ರಿಕೆಯ ಈ ಲೇಖನ ಬೊಜ್ಜು ಮತ್ತು ಸಕ್ಕರೆ ಕಾಯಿಲೆಯ ನಡುವೆ ಹೊಸ ಕೊಂಡಿಯೊಂದನ್ನು ತೋರಿಸಿತು. 1997ರಲ್ಲಿ ಟಿಎನ್‌ಎಫ್ ವಂಶವಾಹಿಯೇ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದಾಗ, ಅವು ತಿಂದು ದಪ್ಪಗಾದರೂ ಇನ್ಸುಲಿನ್ ಪ್ರತಿರೋಧದಿಂದ ಸಾಕಷ್ಟು ಪಾರಾಗಿದ್ದವು.

ಸೋಂಕಿನ ವಿರುದ್ಧ ಹೋರಾಡುವ ವಸ್ತುವಿಗೂ ಸಕ್ಕರೆಗೂ ಏನು ನಂಟು? ಮನೆಯಲ್ಲಿ ಮಧುಮೇಹಿಗಳಿದ್ದರೆ ಇದು ನಿಮಗೆ ಗೊತ್ತೇ ಇರುತ್ತದೆ. ಜ್ವರ ಬಂದ ದಿನ, ಹಲ್ಲಿನ ಬುಡ ಬಾತ ದಿನ, ಕಾಲಿನ ಹುಣ್ಣು ಕೀವಾದ ವಾರ, ಎರಡಿಡ್ಲಿ ತಿಂದಿದ್ದರೂ ಶುಗರ್ ಏರಿ ಕೂತಿರುತ್ತದೆ. ರೋಗಾಣುಗಳ ಜೊತೆ ಹೋರಾಟ ನಡೆದಾಗ ಸ್ನಾಯು ಮತ್ತು ಕೊಬ್ಬು ಸಕ್ಕರೆಯನ್ನು ಎಳೆದುಕೊಳ್ಳದಂತೆ ದೇಹ ತಡೆಯುತ್ತದೆ. ಬಿಳಿ ರಕ್ತಕಣಗಳಿಗೂ ಮಿದುಳಿಗೂ ಅದು ಮೊದಲು ಸಿಗಲಿ ಎಂದು. ಕೆಲವು ದಿನಗಳ ಮಟ್ಟಿಗೆ ಇದು ಜೀವ ಉಳಿಸುವ ಏರ್ಪಾಡು. ಬೊಜ್ಜಿನಲ್ಲಿ ಅದೇ ಏರ್ಪಾಡು ಯಾವ ರೋಗಾಣುವೂ ಇಲ್ಲದೆ ವರ್ಷಗಟ್ಟಲೆ ಚಾಲೂ ಇರುತ್ತದೆ.

ಕೋಶದೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇನ್ಸುಲಿನ್ ಕೋಶದ ಒಳಕ್ಕೆ ಹೋಗುವುದಿಲ್ಲ. ಹೊರಗೋಡೆಯ ಮೇಲಿರುವ ಗ್ರಾಹಕಕ್ಕೆ ಬಂದು ಅಂಟುತ್ತದೆ. ಗ್ರಾಹಕದ ಒಳತುದಿ ಆಗ ಚುರುಕಾಗಿ, ಪಕ್ಕದಲ್ಲಿರುವ ಐಆರ್‌ಎಸ್-1 ಎಂಬ ಪ್ರೋಟೀನಿನ ಟೈರೊಸಿನ್ ಎಂಬ ಜಾಗಗಳಿಗೆ ಫಾಸ್ಫೇಟ್ ಕಣ ಅಂಟಿಸುತ್ತದೆ. ಅಲ್ಲಿಂದ ಒಂದರಿಂದೊಂದಕ್ಕೆ ಸುದ್ದಿ ಮುಟ್ಟಿ, ಕೋಶದ ಆಳದಲ್ಲಿದ್ದ ಗ್ಲುಟ್-4 ಎಂಬ ಸಾಗಣೆ ಪ್ರೋಟೀನುಗಳು ಮೇಲೆದ್ದು ಬಂದು ಗೋಡೆಯಲ್ಲಿ ಕೂರುತ್ತವೆ, ಸಕ್ಕರೆ ಒಳಕ್ಕೆ ಬರುತ್ತದೆ. ಟಿಎನ್‌ಎಫ್ ಕೂಡ ಅದೇ ಗೋಡೆಯ ಇನ್ನೊಂದು ಗ್ರಾಹಕಕ್ಕೆ ಅಂಟಿ ಜೆಎನ್‌ಕೆ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಈ ಕಿಣ್ವ ಅದೇ ಐಆರ್‌ಎಸ್-1ರ ಮೇಲೆ ಸೆರಿನ್ ಎಂಬ ಬೇರೆ ಜಾಗದಲ್ಲಿ ಫಾಸ್ಫೇಟ್ ಅಂಟಿಸುತ್ತದೆ. ಅಷ್ಟಾದರೆ ಮುಗಿಯಿತು. ಇನ್ಸುಲಿನ್ ಬಂದು ಕೂತಿದ್ದರೂ ಅದರ ಮಾತು ಒಳಗೆ ಮುಟ್ಟುವುದಿಲ್ಲ. ಇದೇ ಇನ್ಸುಲಿನ್ ಪ್ರತಿರೋಧ. ಹೋತಾಮಿಸ್ಲಿಗಿಲ್ ತಂಡವೇ 2002ರಲ್ಲಿ, ಜೆಎನ್‌ಕೆಯ ಒಂದು ಬಗೆ ಇಲ್ಲದ ಇಲಿಗಳಲ್ಲಿ ಬೊಜ್ಜಿನಿಂದ ಬರುವ ಪ್ರತಿರೋಧ ತೀರ ಕಡಿಮೆ ಎಂದು ತೋರಿಸಿತು.

ಸತ್ತ ಕೋಶದ ಸುತ್ತ

ಇಷ್ಟೊಂದು ಟಿಎನ್‌ಎಫ್ ಸುರಿಸುವವರು ಯಾರು? ಕೊಬ್ಬಿನ ಕೋಶಗಳೇ ಎಂದು ಹತ್ತು ವರ್ಷ ನಂಬಿದ್ದರು. 2003ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳ ಲೇಖನ ಬಂತು. ಒಂದು ಕೊಲಂಬಿಯಾ ವಿಶ್ವವಿದ್ಯಾಲಯದ ಆಂಟನಿ ಫೆರಾಂಟೆ ಅವರದ್ದು, ಇನ್ನೊಂದು ಮಿಲೇನಿಯಂ ಔಷಧ ಕಂಪನಿಯ ಹಾಂಗ್ ಚೆನ್ ಅವರದ್ದು. ಎರಡರ ಉತ್ತರವೂ ಒಂದೇ: ಮ್ಯಾಕ್ರೊಫೇಜ್. ಸತ್ತದ್ದು, ಕೆಟ್ಟದ್ದು, ಹೊರಗಿನಿಂದ ಬಂದದ್ದನ್ನೆಲ್ಲ ನುಂಗಿ ಅರಗಿಸುವ ಬಿಳಿ ಕಣಗಳಿವು. ತೆಳ್ಳಗಿನವರ ಕೊಬ್ಬಿನಲ್ಲಿ ಇವುಗಳ ಪಾಲು ಒಟ್ಟು ಕೋಶಗಳ ಶೇ 10ಕ್ಕಿಂತ ಕಡಿಮೆ. ಬೊಜ್ಜು ಹೆಚ್ಚಾದವರಲ್ಲಿ ಅದು ಶೇ 40ರ ಹತ್ತಿರಕ್ಕೆ ಏರುತ್ತದೆ.

ಎರಡು ವರ್ಷದ ನಂತರ ಇಟಲಿಯ ಆಂಕೋನಾದ ಸವೆರಿಯೊ ಚಿಂಟಿ ಸೂಕ್ಷ್ಮದರ್ಶಕದಲ್ಲಿ ಕಂಡ ಚಿತ್ರ ಈಗ ಈ ವಿಷಯದ ಎಲ್ಲ ಪಠ್ಯಗಳಲ್ಲೂ ಇದೆ. ಮಿತಿ ಮೀರಿ ಉಬ್ಬಿದ ಕೊಬ್ಬಿನ ಕೋಶವೊಂದು ಸತ್ತಿದೆ. ಅದರ ಗೋಡೆ ಮಾಯವಾಗಿದ್ದರೂ ಒಳಗಿನ ಎಣ್ಣೆಯ ಹನಿ ಮಾತ್ರ ಇದ್ದಲ್ಲೇ ಇದೆ. ಆ ಹನಿಯ ಸುತ್ತಲೂ ಮ್ಯಾಕ್ರೊಫೇಜ್‌ಗಳು ಒಂದಕ್ಕೊಂದು ತಾಗಿಕೊಂಡು ನಿಂತಿವೆ. ವಿಜ್ಞಾನಿಗಳು ಇದನ್ನು ಕಿರೀಟ ಎಂದು ಕರೆದರು. ಬೊಜ್ಜಿನ ಕೊಬ್ಬಿನಲ್ಲಿರುವ ಮ್ಯಾಕ್ರೊಫೇಜ್‌ಗಳಲ್ಲಿ ಶೇ 90ಕ್ಕಿಂತ ಹೆಚ್ಚು ಇಂಥ ಕಿರೀಟಗಳಲ್ಲೇ ಇದ್ದವು. ಎಣ್ಣೆಯ ಹನಿ ಒಂದು ಮ್ಯಾಕ್ರೊಫೇಜ್‌ಗಿಂತ ಎಷ್ಟೋ ಪಟ್ಟು ದೊಡ್ಡದು. ಒಂದೇ ಗುಟುಕಿಗೆ ನುಂಗಲಾಗದು. ಹಾಗಾಗಿ ಸುತ್ತ ನಿಂತು ದಿನಗಟ್ಟಲೆ ಕೊಂಚಕೊಂಚವೇ ಹೀರುತ್ತವೆ. ಹೀರುತ್ತ ಹೀರುತ್ತ ಟಿಎನ್‌ಎಫ್ ಮತ್ತಿತರ ಉರಿಯೂತದ ವಸ್ತುಗಳನ್ನು ಸುರಿಸುತ್ತವೆ, ಇನ್ನಷ್ಟು ಬಿಳಿ ಕಣಗಳನ್ನು ಕರೆಸುತ್ತವೆ. ಪಕ್ಕದ ಜೀವಂತ ಕೋಶಗಳು ಇನ್ಸುಲಿನ್ ಮಾತು ಕೇಳುವುದನ್ನು ನಿಲ್ಲಿಸುವುದು ಈ ಸುರಿತಕ್ಕೆ ಸಿಕ್ಕಿ.

ಮುಳ್ಳು ಚುಚ್ಚಿದ ಬೆರಳು ಕೆಂಪಾಗಿ, ಬಿಸಿಯಾಗಿ, ಬಾತು, ನೋಯುತ್ತದೆ. ಕೊಬ್ಬಿನ ಉರಿಯೂತ ಇದಾವುದನ್ನೂ ಮಾಡುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ರಕ್ತದಲ್ಲಿ ಸಿಆರ್‌ಪಿ ಎಂಬ ಸೂಚಕ ತುಸು ಏರಿರಬಹುದು, ಅಷ್ಟೆ. ವೈದ್ಯರ ಬಳಿ ಹೋಗಲು ನೆಪವೇ ಸಿಗದಂಥ ಉರಿ ಇದು.

ಕೊಬ್ಬಿಗೆ ಇನ್ಸುಲಿನ್ ಹೇಳುವ ಬಹು ಮುಖ್ಯ ಮಾತು ಯಾವುದು ಗೊತ್ತೆ? ‘ಎಣ್ಣೆ ಬಿಡಬೇಡ, ಹಿಡಿದಿಟ್ಟುಕೋ’ ಎಂಬುದು. ಊಟವಾದ ಮೇಲೆ ಕೊಬ್ಬು ಕರಗುವುದನ್ನು ಇನ್ಸುಲಿನ್ ತಡೆಯುತ್ತದೆ. ಆ ಮಾತು ಕೇಳಿಸದಿದ್ದಾಗ ಊಟವಾದ ಮೇಲೂ ಕೊಬ್ಬು ಕರಗುತ್ತ ರಕ್ತಕ್ಕೆ ಕೊಬ್ಬಿನಾಮ್ಲಗಳನ್ನು ಬಿಡುತ್ತಲೇ ಇರುತ್ತದೆ. ಕರುಳಿನ ಸುತ್ತಣ ಕೊಬ್ಬಿನಿಂದ ಹೊರಟ ರಕ್ತ ನೇರ ಯಕೃತ್ತಿಗೇ ಹೋಗುತ್ತದೆ. ಯಕೃತ್ತಿನಲ್ಲಿ ಕೊಬ್ಬು ಜಮೆಯಾಗುತ್ತದೆ. ಅದೂ ಇನ್ಸುಲಿನ್‌ಗೆ ಮಣಿಯದೆ ರಾತ್ರಿಯಿಡೀ ಸಕ್ಕರೆ ತಯಾರಿಸಿ ಹೊರಬಿಡುತ್ತದೆ. ರಾತ್ರಿ ಮುದ್ದೆಯೂ ಉಣ್ಣದೆ ಮಲಗಿದವರ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ 140 ಬರುವುದು ಹೀಗೆ. ಇತ್ತ ಸ್ನಾಯುಗಳಿಗೂ ಕೊಬ್ಬು ಸೇರಿಕೊಳ್ಳುತ್ತದೆ. ಎಲ್ಲೆಡೆ ಕಿವುಡು ಆವರಿಸಿದಾಗ ಮೇದೋಜೀರಕ ಗ್ರಂಥಿ ಇಮ್ಮಡಿ, ಮುಮ್ಮಡಿ ಇನ್ಸುಲಿನ್ ಸುರಿದು ಸಕ್ಕರೆಯನ್ನು ಹೇಗೋ ಹತೋಟಿಯಲ್ಲಿಡುತ್ತದೆ. ಹೀಗೆ ವರ್ಷಗಳು ಕಳೆಯುತ್ತವೆ, ಲ್ಯಾಬ್ ರಿಪೋರ್ಟ್ ‘ನಾರ್ಮಲ್’ ಎನ್ನುತ್ತಿರುತ್ತದೆ. ಎಂದೋ ಒಂದು ದಿನ ಗ್ರಂಥಿ ಸೋಲುತ್ತದೆ. ಶುಗರ್ ಬಂತು ಎಂದು ನಾವು ಹೇಳುವುದು ಆ ದಿನ.

ಅಷ್ಟು ಸರಳವಲ್ಲ

ಹಾಗಾದರೆ ಉರಿಯೂತ ತಗ್ಗಿಸುವ ಮಾತ್ರೆ ನುಂಗಿದರೆ ಸಾಕಲ್ಲವೇ? ಈ ಆಸೆ ಹಳೆಯದು. ಇನ್ಸುಲಿನ್ ಪತ್ತೆಯಾಗುವುದಕ್ಕೆ ಎಷ್ಟೋ ಮುಂಚೆ, 1876ರಲ್ಲಿ, ಜರ್ಮನಿಯ ವಿಲ್ಹೆಲ್ಮ್ ಎಬ್‌ಸ್ಟೈನ್ ಎಂಬ ವೈದ್ಯರು ಆಸ್ಪಿರಿನ್‌ನ ಬಂಧುವಾದ ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟಾಗ ಮಧುಮೇಹಿಗಳ ಮೂತ್ರದ ಸಕ್ಕರೆ ಇಳಿದದ್ದನ್ನು ಬರೆದಿಟ್ಟಿದ್ದರು. 1901ರಲ್ಲಿ ಮ್ಯಾಂಚೆಸ್ಟರ್‌ನ ಆರ್. ಟಿ. ವಿಲಿಯಮ್ಸನ್ ಅದನ್ನೇ ಕಂಡರು. ಏಕೆ ಇಳಿಯುತ್ತದೆಂದು ಇಬ್ಬರಿಗೂ ತಿಳಿಯಲಿಲ್ಲ, ವಿಷಯ ಮರೆತೇ ಹೋಯಿತು. ನೂರು ವರ್ಷದ ಮೇಲೆ ಬಾಸ್ಟನ್‌ನ ಸ್ಟೀವನ್ ಶೋಲ್ಸನ್ ಈ ಔಷಧ ಕೋಶದೊಳಗಿನ ಉರಿಯೂತದ ಕಿಣ್ವವೊಂದನ್ನು ತಡೆಯುತ್ತದೆಂದು ತೋರಿಸಿ, ಸಾಲ್ಸಲೇಟ್ ಎಂಬ ಮಾತ್ರೆಯನ್ನು ಮಧುಮೇಹಿಗಳ ಮೇಲೆ ಪರೀಕ್ಷಿಸಿದರು. 2013ರಲ್ಲಿ ಫಲಿತಾಂಶ ಬಂತು. 48 ವಾರಗಳಲ್ಲಿ, ಕೆಲವು ತಿಂಗಳುಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಇಳಿದದ್ದು ಶೇ 0.37ರಷ್ಟು. ಇಳಿದದ್ದು ನಿಜ, ಆದರೆ ಅಲ್ಪ.

ಬೇರೆ ಪ್ರಯತ್ನಗಳಲ್ಲಿ ನಿರಾಸೆ ಇನ್ನೂ ಹೆಚ್ಚು. ಇಲಿಗಳಲ್ಲಿ ಅಷ್ಟು ಚೆನ್ನಾಗಿ ಫಲಿಸಿದ ಟಿಎನ್‌ಎಫ್ ತಡೆಯನ್ನು ಬೊಜ್ಜಿರುವ ಮಧುಮೇಹಿಗಳಲ್ಲಿ 1996ರಲ್ಲೇ ಪ್ರಯತ್ನಿಸಿದ್ದರು. ಇನ್ಸುಲಿನ್ ಪ್ರತಿರೋಧ ಇಳಿಯಲಿಲ್ಲ. 2017ರಲ್ಲಿ ಹೊರಬಂದ ಕ್ಯಾಂಟೋಸ್ ಪ್ರಯೋಗದಲ್ಲಿ, ಹೃದಯಾಘಾತದಿಂದ ಉಳಿದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಇನ್ನೊಂದು ಉರಿಯೂತದ ವಸ್ತುವನ್ನು ತಡೆಯುವ ಚುಚ್ಚುಮದ್ದನ್ನು ಪರೀಕ್ಷಿಸಿದರು. ಸಿಆರ್‌ಪಿ ಇಳಿಯಿತು, ಮತ್ತೆ ಹೃದಯಾಘಾತವಾಗುವುದು ಕಡಿಮೆಯಾಯಿತು, ಹೊಸದಾಗಿ ಮಧುಮೇಹ ಬರುವುದು ಮಾತ್ರ ತಪ್ಪಲಿಲ್ಲ. ಡಲ್ಲಾಸ್‌ನ ಫಿಲಿಪ್ ಶೆರರ್ ತಂಡ 2014ರಲ್ಲಿ ಇನ್ನೂ ಅಚ್ಚರಿಯ ಸಂಗತಿ ಕಂಡುಕೊಂಡಿತು. ಕೊಬ್ಬಿನ ಕೋಶಗಳಲ್ಲಿ ಉರಿಯೂತವೇ ಏಳದಂತೆ ಮಾಡಿದ ಇಲಿಗಳ ಕೊಬ್ಬು ಸರಿಯಾಗಿ ಹಿಗ್ಗಲಿಲ್ಲ. ಎಣ್ಣೆಯೆಲ್ಲ ಯಕೃತ್ತಿಗೆ ಹೋಗಿ ಸಕ್ಕರೆಯ ನಿರ್ವಹಣೆ ಇನ್ನಷ್ಟು ಕೆಟ್ಟಿತು. ಹಳೆಯದನ್ನು ಒಡೆದು ಹೊಸದಕ್ಕೆ ಜಾಗ ಮಾಡಲು ಅಲ್ಪಸ್ವಲ್ಪ ಉರಿಯೂತ ಬೇಕೇ ಬೇಕು.

ಹೀಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಅಮೆರಿಕದ ಜೆರಾಲ್ಡ್ ಶುಲ್ಮನ್ ಅವರಂಥವರು ಸ್ನಾಯು ಮತ್ತು ಯಕೃತ್ತಿನೊಳಗೆ ಸೇರಿದ ಕೊಬ್ಬೇ ಮೂಲ ಕಾರಣ, ಉರಿಯೂತ ಅದಕ್ಕೆ ಜೊತೆಗಾರ ಎನ್ನುತ್ತಾರೆ. ಮೈಯಲ್ಲಿ ಕೊಬ್ಬೇ ಇಲ್ಲದೆ ಹುಟ್ಟುವ ಲೈಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆಯವರಲ್ಲಿ ಇನ್ಸುಲಿನ್ ಪ್ರತಿರೋಧ ವಿಪರೀತ. ಎಣ್ಣೆ ಇಡಲು ಜಾಗವಿಲ್ಲದೆ ಅದು ಯಕೃತ್ತಿಗೆ ನುಗ್ಗುತ್ತದೆ. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ನನಗೆ ಒಪ್ಪಿಗೆಯಾಗುವ ಉತ್ತರ ಇದು: ಮೊದಲು ಸೋಲುವುದು ಕೊಬ್ಬಿನ ಹಿಡಿದಿಡುವ ಶಕ್ತಿ. ಉರಿಯೂತ ಆ ಸೋಲಿನಿಂದ ಹುಟ್ಟಿ, ಅದೇ ಸೋಲನ್ನು ಬಲಪಡಿಸಿ, ಮೈಯೆಲ್ಲ ಹರಡುತ್ತದೆ. ಒಂದೇ ವಸ್ತುವನ್ನು ತಡೆದರೆ ಸಾಲದು, ಕೋಶಗಳ ಮೇಲಿನ ಹೊರೆಯೇ ಇಳಿಯಬೇಕು. ಉರಿಯೂತ ಶಮನಕ್ಕೆಂದು ಬಾಟಲಿಗಳಲ್ಲಿ ಮಾರುವ ಅರಿಶಿನದ ಕ್ಯಾಪ್ಸೂಲ್, ಕಷಾಯದ ಪುಡಿಗಳಿಗೆ ಸಾವಿರಾರು ರೂಪಾಯಿ ಸುರಿಯುವವರಿಗೆ ಇದನ್ನೇ ಹೇಳಬೇಕಿದೆ. ಆಸ್ಪಿರಿನ್ ಅನ್ನು ಸ್ವಂತ ನಿರ್ಧಾರದಿಂದ ನುಂಗುವವರಿಗಂತೂ ಹೊಟ್ಟೆಯಲ್ಲಿ ರಕ್ತಸ್ರಾವವೇ ಆದೀತು.

ಪುಣೆಯ ಮಗು, ಮೈಸೂರಿನ ಮಗು

‘ನಾವೇನು ಅಮೆರಿಕದವರಷ್ಟು ದಪ್ಪವೇ?’ ಎಂದು ಕೇಳುವವರಿದ್ದಾರೆ. ಅಲ್ಲ. ನಮ್ಮ ಕಷ್ಟ ಇರುವುದೇ ಅಲ್ಲಿ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳ ಜೋಡಿ ಫೋಟೊ ಪ್ರಕಟವಾಯಿತು. ಒಬ್ಬರು ಲಂಡನ್ನಿನ ಜಾನ್ ಯುಡ್ಕಿನ್, ಇನ್ನೊಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್. ಎತ್ತರಕ್ಕೆ ತಕ್ಕ ತೂಕದ ಸೂಚಿ, ಅಂದರೆ ಬಿಎಂಐ, ಇಬ್ಬರದ್ದೂ 22.3. ನೋಡಲು ಇಬ್ಬರೂ ತೆಳ್ಳಗೆ. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2!

ಇದು ಹುಟ್ಟಿನಿಂದಲೇ ಬರುವುದೆಂದು ಯಾಜ್ಞಿಕ್ ತಂಡ ತೋರಿಸಿತ್ತು. ಪುಣೆ ಸುತ್ತಲಿನ ಹಳ್ಳಿಗಳ ಶಿಶುಗಳ ಸರಾಸರಿ ತೂಕ 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್‌ನ ಶಿಶುಗಳದ್ದು 3.5. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಅಂಗಗಳು ಸಣ್ಣವು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿಯೂ, ನಮ್ಮವರು ಮಿಷನ್ ಆಸ್ಪತ್ರೆ ಎನ್ನುವಲ್ಲಿ, ಇದೇ ಕಂಡಿತು. ಆ ಆಸ್ಪತ್ರೆಯ ಹೆರಿಗೆ ವಿಭಾಗದವರು 1934ರಿಂದ ಪ್ರತಿ ಕೂಸಿನ ತೂಕ, ಉದ್ದ, ತಲೆಸುತ್ತಳತೆಯನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ಆ ಕೂಸುಗಳನ್ನು ಹಿರಿಯರಾಗಿ ಹುಡುಕಿ, ಯಾರಿಗೆ ಹೃದ್ರೋಗ, ಯಾರಿಗೆ ಸಕ್ಕರೆ ಎಂದು ಪರೀಕ್ಷಿಸಿದರು. 1997ರಿಂದ ಅಲ್ಲಿ ಹೊಸದಾಗಿ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಅಧ್ಯಯನದಲ್ಲಿ ಜಿ. ವಿ. ಕೃಷ್ಣವೇಣಿ ಮತ್ತು ಸಹೋದ್ಯೋಗಿಗಳು, ಮೈಸೂರಿನ ಮಕ್ಕಳಲ್ಲಿ ಮುಂಡಭಾಗದ ಕೊಬ್ಬು ಹುಟ್ಟುವಾಗಲೇ ಇದೆ, ಬಾಲ್ಯದಲ್ಲೂ ಉಳಿಯುತ್ತದೆ ಎಂದು ದಾಖಲಿಸಿದರು. ಹಾಳಾಗದಂತೆ ಪುಸ್ತಕ ಕಾಪಾಡಿಕೊಂಡು ಬಂದ, ಹೆಸರು ಗೊತ್ತಿಲ್ಲದ ಆ ದಾದಿಯರಿಗೆ ವೈದ್ಯಲೋಕ ಋಣಿಯಾಗಿರಬೇಕು.

ಚರ್ಮದಡಿಯ ಕೊಬ್ಬನ್ನು ಮನೆಯ ಕಣಜ ಎಂದುಕೊಳ್ಳಿ. ದೊಡ್ಡ ಕಣಜವಿದ್ದ ಮನೆಯಲ್ಲಿ ಎಷ್ಟು ಫಸಲು ಬಂದರೂ ಕಾಳು ಒಳಗೇ ಇರುತ್ತದೆ. ಕಣಜ ಚಿಕ್ಕದಾದರೆ ಸಾಧಾರಣ ಬೆಳೆಗೂ ಕಾಳು ಹಜಾರ, ಅಡುಗೆಮನೆಗೆಲ್ಲ ಚೆಲ್ಲಿ, ಮುಗ್ಗಲು ಹಿಡಿಯುತ್ತದೆ. ನಮ್ಮಲ್ಲಿ ಬಹುಮಂದಿಯದ್ದು ಚಿಕ್ಕ ಕಣಜ. ಬೇಗ ತುಂಬಿ, ಎಣ್ಣೆ ಕರುಳಿನ ಸುತ್ತಕ್ಕೂ ಯಕೃತ್ತಿಗೂ ಹೊರಳುತ್ತದೆ. ಕೈಕಾಲು ಸಣಕಲು, ಹೊಟ್ಟೆ ಗುಡಾಣ ಎಂಬ ಮೈಕಟ್ಟು ಆಗುವುದು ಹೀಗೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಅಂಕಿಗಳು ಇದನ್ನೇ ಹೇಳುತ್ತವೆ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳು. ಅದರ ಹೊಸ್ತಿಲಲ್ಲಿ ಇನ್ನೂ 13.6 ಕೋಟಿ ಮಂದಿ. ತೂಕದ ಲೆಕ್ಕದಲ್ಲಿ ಬೊಜ್ಜು ಇರುವವರು ಶೇ 28.6, ಸೊಂಟದ ಸುತ್ತಳತೆಯ ಲೆಕ್ಕದಲ್ಲಿ ಶೇ 39.5. ನಡುವೆ ಶೇ 10ಕ್ಕಿಂತ ಹೆಚ್ಚಿನ ಅಂತರ. ತಕ್ಕಡಿಯ ಮೇಲೆ ನಿಂತು ‘ನಾನು ಸರಿಯಾಗೇ ಇದ್ದೇನೆ’ ಎಂದು ನೆಮ್ಮದಿಯಿಂದ ಇಳಿದುಹೋಗುವ ಕೋಟ್ಯಂತರ ಮಂದಿ ಆ ಅಂತರದಲ್ಲಿದ್ದಾರೆ.

ಟೇಪು, ಕುತ್ತಿಗೆ, ಸ್ನಾಯು

ಆದ್ದರಿಂದ ತಕ್ಕಡಿಗಿಂತ ಮೊದಲು ಟೈಲರ್ ಟೇಪು ತೆಗೆದುಕೊಳ್ಳಿ. ಪ್ಯಾಂಟಿನ ಅಳತೆ ನಂಬಬೇಡಿ. ಹೊಟ್ಟೆ ಬಂದ ಗಂಡಸರು ಬೆಲ್ಟನ್ನು ಹೊಟ್ಟೆಯ ಕೆಳಗೆ ಬಿಗಿಯುವುದರಿಂದ ಇಪ್ಪತ್ತು ವರ್ಷ ಅದೇ ಸೈಜು ನಡೆಯುತ್ತದೆ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುಮಧ್ಯ, ಬರಿಮೈ ಮೇಲೆ, ಉಸಿರು ಹೊರಬಿಟ್ಟಾಗ ಅಳೆಯಬೇಕು. ಹೊಟ್ಟೆ ಒಳಗೆಳೆದುಕೊಳ್ಳಬಾರದು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ದಾಟಿದ್ದರೆ ಸಕ್ಕರೆ, ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್, ಯಕೃತ್ತಿನ ಪರೀಕ್ಷೆ ಮಾಡಿಸಿ.

ಕುತ್ತಿಗೆಯ ಹಿಂಭಾಗ, ಕಂಕುಳಲ್ಲಿ ಚರ್ಮ ದಪ್ಪಗಾಗಿ, ಕಪ್ಪಗೆ, ಮಖಮಲ್ಲಿನಂತೆ ಆಗಿದೆಯೇ ನೋಡಿ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿ ಚರ್ಮದ ಕೋಶಗಳು ಬೆಳೆಯುವುದರಿಂದ ಹಾಗಾಗುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಕೊಳೆ ಎಂದುಕೊಂಡು ಹದಿಹರೆಯದ ಹುಡುಗಿಯರ ಕುತ್ತಿಗೆಯನ್ನು ಕಡಲೆಹಿಟ್ಟು, ನಿಂಬೆಹೋಳು ಹಾಕಿ ಕೆಂಪಾಗುವಂತೆ ಉಜ್ಜುತ್ತಾರೆ. ‘ಸರಿಯಾಗಿ ಸ್ನಾನ ಮಾಡೇ’ ಎಂಬ ಬೈಗುಳ ಬೇರೆ. ಆ ಮಗುವಿಗೆ ಬೇಕಿರುವುದು ಸೋಪಲ್ಲ, ರಕ್ತಪರೀಕ್ಷೆ.

ಪರಿಹಾರದಲ್ಲಿ ಹೊಸತೇನೂ ಇಲ್ಲ, ಆದರೆ ಅದು ಏಕೆ ಫಲಿಸುತ್ತದೆಂದು ಈಗ ಗೊತ್ತಿದೆ. ತೂಕದಲ್ಲಿ ಶೇ 5ರಿಂದ 10 ಇಳಿದರೂ ಯಕೃತ್ತಿನ ಕೊಬ್ಬು ಬೇಗ ಇಳಿಯುತ್ತದೆ. ಇನ್ನೂ ಹೆಚ್ಚು ಇಳಿಸಿದವರ ಕೊಬ್ಬಿನ ಚೂರು ತೆಗೆದು ನೋಡಿದಾಗ ಕಿರೀಟಗಳು ಕಡಿಮೆಯಾಗಿದ್ದವು. ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಡೈರೆಕ್ಟ್ ಪ್ರಯೋಗದಲ್ಲಿ, ಕಟ್ಟುನಿಟ್ಟಿನ ಆಹಾರಕ್ರಮ ಪಾಲಿಸಿದ ಮಧುಮೇಹಿಗಳಲ್ಲಿ ಶೇ 46ರಷ್ಟು ಮಂದಿ ವರ್ಷದೊಳಗೆ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಗೆ ತಂದಿದ್ದರು. ಸ್ನಾಯುವಿಗೆ ಇನ್ನೊಂದು ದಾರಿಯಿದೆ: ಅದು ದುಡಿಯುವಾಗ ಇನ್ಸುಲಿನ್‌ನ ನೆರವಿಲ್ಲದೆಯೇ ಗ್ಲುಟ್-4 ಮೇಲೆದ್ದು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಉರಿಯೂತ ಕೆಡಿಸಿದ ದಾರಿಯನ್ನು ತಪ್ಪಿಸಿ ಹೋಗುವ ಪಕ್ಕದ ದಾರಿ ಇದು. ಊಟದ ನಂತರದ ಹದಿನೈದು ನಿಮಿಷದ ನಡಿಗೆಗೆ ಬೆಲೆ ಬರುವುದು ಇದರಿಂದ. ಚೆನ್ನೈನ ಎ. ರಾಮಚಂದ್ರನ್ ಅವರ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಅಧ್ಯಯನಕ್ಕೆ ಸೇರಿಸಿಕೊಂಡು 2006ರಲ್ಲಿ ಹೇಳಿದಂತೆ, ನಡಿಗೆ ಮತ್ತು ಆಹಾರದ ಬದಲಾವಣೆಯೊಂದೇ ಮೂರು ವರ್ಷಗಳಲ್ಲಿ ಮಧುಮೇಹದ ಅಪಾಯವನ್ನು ಶೇ 28.5ರಷ್ಟು ತಗ್ಗಿಸಿತು. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆ ತಗ್ಗಿಸಿದ್ದು ಶೇ 26.4. ಈಗ ನಮ್ಮಲ್ಲೂ ಬಂದಿರುವ ಸೆಮಾಗ್ಲುಟೈಡ್, ಟರ್ಜೆಪಟೈಡ್ ಚುಚ್ಚುಮದ್ದುಗಳು ಹಸಿವು ತಗ್ಗಿಸಿ ತೂಕ ಇಳಿಸುತ್ತವೆ. ಅಗತ್ಯವಿದ್ದವರು ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವುದರಲ್ಲಿ ಸಂಕೋಚ ಬೇಡ. ಆದರೆ ಬಿಟ್ಟರೆ ತೂಕ ಮರಳುವುದೇ ಹೆಚ್ಚು.

ಕೊಬ್ಬಿನ ಕೋಶಗಳ ಸಂಖ್ಯೆ ಹರೆಯದೊಳಗೇ ನಿಗದಿಯಾಗುತ್ತದೆ, ಕಣಜದ ಗಾತ್ರ ಒಂದಷ್ಟು ಗರ್ಭದಲ್ಲೇ ತೀರ್ಮಾನವಾಗಿರುತ್ತದೆ ಎಂದಾದ ಮೇಲೆ ದಪ್ಪಗಿರುವ ಮಗುವನ್ನು ಮದುವೆಮನೆಯಲ್ಲಿ ನಾಲ್ಕು ಜನರೆದುರು ಆಡಿಕೊಳ್ಳುವುದು ಅನ್ಯಾಯ. ಅದು ಆ ಮಗುವಿನ ಸೋಮಾರಿತನದ ಫಲವಲ್ಲ. ಬಸುರಿಯ ಊಟ, ಶಾಲೆಯ ಆಟದ ಬಯಲು, ಮನೆಗೆ ತರುವ ಬಿಸ್ಕತ್ತಿನ ಪೊಟ್ಟಣ ಇವೆಲ್ಲ ದೊಡ್ಡವರ ಕೈಯಲ್ಲಿವೆ. ಅಪ್ಪ–ಅಮ್ಮನಿಗೆ ಶುಗರ್ ಇದ್ದು, ನಿಮಗೆ ಮೂವತ್ತು ದಾಟಿದ್ದರೆ, ತೂಕ ಎಷ್ಟೇ ಇರಲಿ, ಈ ವಾರ ಸೊಂಟ ಅಳೆದು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಬಹುತೇಕ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಪರೀಕ್ಷೆ ಉಚಿತ.